ಸುಯ್ ಗ್ಯಾಸ್

ಮೊನ್ನೆ ಇಲ್ಲಿ ಅಮೆರಿಕದ ಮಾರಿಸ್‌ವಿಲ್‌ನ ಗೆಳತಿಯೊಬ್ಬಳ ಮನೆಯಲ್ಲಿ ಅವಳು ಚಹಾಕ್ಕೆಂದು ಒಲೆ ಹಚ್ಚಿದಳು. ನೀಲಿ ಉರಿ ಏಳುವ ಮೊದಲಿನ ಸುಯ್ ಸದ್ದು, ಮೂಗಿಗೆ ತಾಕಿಯೂ ತಾಕದಂಥ ಗ್ಯಾಸಿನ ವಾಸನೆ. ಅಷ್ಟು ಸಾಕಾಯಿತು, ತೊಂಬತ್ತರ ದಶಕದಲ್ಲಿ ನಾವಿದ್ದ ಗೈದರ್ಸ್‌ಬರ್ಗ್‌ನ ಹಳೆಯ ಅಪಾರ್ಟ್‌ಮೆಂಟ್ ನೆನಪಾಗಲು. ನಮ್ಮ ಕೆಳಗಿನ ಮನೆಯಲ್ಲಿ ಮಾಹ್‌ಗುಲ್ ಆಂಟಿ ಮತ್ತು ಅವರ ಗಂಡ ಇದ್ದರು. ಯಾರಾದರೂ ಪಾಕಿಸ್ತಾನದವರು ಅಂದರೆ ಆಂಟಿ ಮೆಲ್ಲಗೆ ತಿದ್ದುತ್ತಿದ್ದರು, ನಾವು ಬಲೂಚಿಗಳು ಎಂದು. ಸ್ಕೂಲು ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವ ತನಕ ನಾನು ಅವರ ಅಡುಗೆಮನೆಯಲ್ಲೇ ಇರುತ್ತಿದ್ದೆ. ಅಲ್ಲಿ ಏಲಕ್ಕಿ ಹಾಕಿದ ಚಹಾ ಸದಾ ಕುದಿಯುತ್ತಿತ್ತು. ಒಲೆಯ ಗ್ಯಾಸಿಗೆ ಆಂಟಿ 'ಸುಯ್ ಗ್ಯಾಸ್' ಅನ್ನುತ್ತಿದ್ದರು. ಸುಯ್ ಅಂತ ಸದ್ದು ಮಾಡುತ್ತದಲ್ಲ, ಅದಕ್ಕೇ ಆ ಹೆಸರು ಎಂದು ನಾನು ಅಮ್ಮನಿಗೆ ವಿವರಿಸಿದೆ. "ಪರವಾಗಿಲ್ವೇ, ಆಂಟಿಗೂ ಕನ್ನಡ ಬರತ್ತೆ!" ಎಂದು ಅಮ್ಮ ನಕ್ಕಳು.

ಸುಯ್ ಎನ್ನುವುದು ನಿಜದಲ್ಲಿ ಆಂಟಿಯ ತವರಿನ ಹತ್ತಿರದ ಊರಿನ ಹೆಸರು. ಆ ನೆಲದಡಿಯ ಗ್ಯಾಸ್ ಕೊಳವೆಗಳಲ್ಲಿ ದೂರದ ಶಹರಗಳಿಗೆ ಹರಿದು, ಪಾಕಿಸ್ತಾನದ ಜನರ ಬಾಯಲ್ಲಿ ಅಡುಗೆ ಗ್ಯಾಸಿಗೆಲ್ಲ ಅದೇ ಹೆಸರು ನಿಂತಿತ್ತು. ಆಂಟಿಯ ತಾಯಿ ಮಾತ್ರ ಮುಳ್ಳುಕಡ್ಡಿಯ ಒಲೆ ಊದಿ ಊದಿ ಕಣ್ಣು ಹಾಳುಮಾಡಿಕೊಂಡರು. ಆಂಟಿಗಿದ್ದ ಒಬ್ಬನೇ ತಮ್ಮ ಗ್ಯಾಸ್ ತೆಗೆಯುವಲ್ಲಿ ಕೆಲಸ ಕೇಳಿದ. ಅಲ್ಲಿ ಕಾವಲು ಕಾಯುವುದಕ್ಕೂ ಹೊರಗಿನವರೇ ಇದ್ದರು. ವೋಟು ಹಾಕಿದ, ಗೆದ್ದವರ ಮಾತು ರಾಜಧಾನಿಯಲ್ಲಿ ನಡೆಯಲಿಲ್ಲ. ಗೇಟಿನೆದುರು ಕೂಗಿದ್ದಕ್ಕೆ ಒಳಗೆ ಹಾಕಿ ಹೊಡೆದರು. ಬಿಟ್ಟ ಮೇಲೆ ಅವನು ಬೆಟ್ಟಕ್ಕೆ ಹೋದ ಎಂದು ಆಂಟಿ ಉರ್ದುವಿನಲ್ಲಿ ಹೇಳಿದರು.

ಅಮ್ಮ ಮೈಸೂರಿನವಳು. ಬೆಟ್ಟ ಅಂದರೆ ಅವಳಿಗೆ ಒಂದೇ ಬೆಟ್ಟ, ದರ್ಶನ ಮುಗಿಸಿ ಊಟದ ಹೊತ್ತಿಗೆ ಇಳಿದು ಬರುವಂಥದ್ದು. ತನ್ನ ಹರಕುಮುರುಕು ಹಿಂದಿಯಲ್ಲಿ, "ಒಳ್ಳೇದಾಯ್ತು, ಯಾವಾಗ ಇಳೀತಾನೆ?" ಎಂದು ಕೇಳಿಬಿಟ್ಟಳು.

"ಬಂದೂಕು ಹಿಡಿದು ಹೋದವನು, ಬಾಜಿ," ಅಂದರು ಆಂಟಿ. ಅಮ್ಮನನ್ನು ಅವರು ಅಕ್ಕ ಎಂಬರ್ಥದಲ್ಲಿ ಹಾಗೆ ಕರೆಯುತ್ತಿದ್ದರು. "ಇಳಿದು ಬಂದರೆ ಇಲ್ಲಿಗೇ ಕರೆಸಿಕೊಳ್ತೀನಿ. ಅಲ್ಲಿ ಗ್ಯಾಸಿನ ಕೆಲಸ ಸಿಗಲಿಲ್ಲ, ಇಲ್ಲಿ ನಮ್ಮನೆಯವರ ಗ್ಯಾಸ್ ಸ್ಟೇಷನ್‌ನಲ್ಲಾದರೂ ಸಿಗತ್ತೆ." ಪೆಟ್ರೋಲ್ ಬಂಕಿಗೆ ಇಲ್ಲಿ ಗ್ಯಾಸ್ ಸ್ಟೇಷನ್ ಅನ್ನುತ್ತಾರಲ್ಲ, ಅದನ್ನು ಹೇಳಿ ಅವರೇ ನಕ್ಕರು. ಅಂದಿನಿಂದ ಅವರ ಮನೆಯಲ್ಲಿ ಫೋನ್ ಹೊಡೆದುಕೊಂಡಾಗಲೆಲ್ಲ ನಾನೂ ಆಟ ನಿಲ್ಲಿಸುತ್ತಿದ್ದೆ.

ಕಡೆಗೆ ಫೋನ್ ಬಂತು, ಒಂದು ಮಧ್ಯಾಹ್ನ. ಆಂಟಿಯ ತಮ್ಮ ಯಾವುದೋ ಕಣಿವೆಯಲ್ಲಿ ಗುಂಡೇಟಿಗೆ ಸತ್ತಿದ್ದ. ಸಂಜೆ ಆಂಟಿ ಮೇಲೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು. ಅಮ್ಮ ಕಾಫಿಗೆಂದು ಒಲೆ ತಿರುಗಿಸಿದಾಗ ಸುಯ್ ಎಂದಿತು. ಆಂಟಿ ಎರಡೂ ಕಿವಿ ಮುಚ್ಚಿಕೊಂಡರು. ಅಮ್ಮ ತಟ್ಟನೆ ಒಲೆ ಆರಿಸಿ, ಹಾಲನ್ನು ಮೈಕ್ರೋವೇವಿನಲ್ಲಿಟ್ಟಳು. ಹಾಗೆ ಬಿಸಿ ಮಾಡಿದ ಹಾಲಿನ ಕಾಫಿಯನ್ನು ಬಾಯಿಗೂ ಇಡಲಾಗದು ಎನ್ನುತ್ತಿದ್ದ ಅಮ್ಮ, ಆಂಟಿ ಬಂದಾಗಲೆಲ್ಲ ಅದನ್ನೇ ಮಾಡಿ ತಾನೂ ಜೊತೆಗೆ ಕುಡಿದಳು.

ವರ್ಷದೊಳಗೆ ಅವರು ಮನೆ ಖಾಲಿ ಮಾಡಿದರು. ಮತ್ತೆ ಸುದ್ದಿಯಿಲ್ಲ. ಅಮ್ಮ ಮೈಸೂರಿಗೆ ಹೋದಾಗ ಈಗಲೂ ಬೆಟ್ಟ ಹತ್ತುತ್ತಾಳೆ. ಇಳಿಯುವಾಗ ಪ್ರತಿ ಸಲವೂ ಒಂದು ಮೆಟ್ಟಿಲ ಮೇಲೆ ಕೂತು, "ಯಾವಾಗ ಇಳೀತಾನೆ ಅಂತ ಕೇಳ್ಬಿಟ್ಟೆನಲ್ಲೇ," ಅನ್ನುತ್ತಾಳೆ.