ಅರ್ಧಕ್ಕಿಳಿದ ಕರೆಂಟ್ ಬಿಲ್ಲೂ ಹಿಂದಿನ ರೂಮಿನ ಹುಡುಗಿಯೂ

ನಿಮ್ಮದೇ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಾ ನಿಂತಿರುವಾಗ ನಿಮ್ಮ ಬಾಯಿಂದ ಹೊಗೆಯಂಥ ಉಸಿರು ಬಂದದ್ದುಂಟಾ? ಮನೆಯೊಳಗೆ ಚಳಿ ತಡೆಯಲಾರದೆ, ಮೈ ಕಾಯಿಸಿಕೊಳ್ಳಲು ರಸ್ತೆಯ ಬಿಸಿಲಿಗೆ ಹೋಗಿ ನಿಂತಿದ್ದೀರಾ?

ನಾನು ನಿಂತಿದ್ದೇನೆ. ಪರ್ತ್‌ನಲ್ಲಿ, ನಾವು ಆಸ್ಟ್ರೇಲಿಯಾಕ್ಕೆ ಬಂದ ಮೊದಲ ಜುಲೈನಲ್ಲಿ. ಜುಲೈ ಎಂದರೆ ಇಲ್ಲಿ ನಡು ಚಳಿಗಾಲ. ಬೀಚು, ಬಿಸಿಲು, ಕಾಂಗರೂ ಎಂದು ನಂಬಿ ಪೆಟ್ಟಿಗೆ ತುಂಬಾ ಕಾಟನ್ ಬಟ್ಟೆ ತುಂಬಿಕೊಂಡು ಬಂದವಳು ನಾನು. ಇಲ್ಲಿಯ ಮನೆಗಳನ್ನು ಬೇಸಿಗೆಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟುತ್ತಾರೆ. ಕಿಟಕಿಗೆ ಒಂದೇ ಪದರದ ಗಾಜು, ಕಾಲಿಡಲಾಗದಷ್ಟು ತಣ್ಣನೆಯ ಟೈಲ್ಸು, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ಮೈಸೂರಿನಲ್ಲಿ ಡಿಸೆಂಬರ್ ಬಂದರೆ ಮಂಕಿ ಕ್ಯಾಪ್ ಹಾಕಿಕೊಂಡು, ಕಿಟಕಿ ಮಾತ್ರ ತೆರೆದೇ ಇಡುತ್ತಿದ್ದೆವು, ಗಾಳಿ ಬೇಕು ಎಂದು. ಇಲ್ಲಿ ಗಾಳಿಯೇ ಶತ್ರು.

ನನ್ನ ಗಂಡ ಡಾಕ್ಟರು. ಅವರ ಕೆಲಸ ಎಲ್ಲಿಗೆ ಕರೆಯಿತೋ ಅಲ್ಲಿಗೆ ನಾವು. ಪರ್ತ್ ಆದ ಮೇಲೆ ಬ್ರಿಸ್ಬೇನಿನ ಫಾರೆಸ್ಟ್ ಲೇಕ್ ಬಡಾವಣೆ. ಅಲ್ಲಿಯ ಚಳಿಗೆ ಒಂದು ಶಾಲು, ಒಂದು ಲೋಟ ಕಾಫಿ ಸಾಕಿತ್ತು. ಹೀಟರ್ ಎಂಬುದನ್ನೇ ಮರೆತಿದ್ದೆವು. ಆಮೇಲೆ ಅಡಿಲೇಡ್, ಗ್ಲೆನೆಲ್ಗ್ ಹತ್ತಿರ ಸ್ವಂತ ಮನೆ. ಸಮುದ್ರದ ಗಾಳಿ ಗೋಡೆಯನ್ನೇ ದಾಟಿ ಬರುತ್ತದೆ ಅನ್ನಿಸುವಂಥ ಜಾಗ. ಮೊದಲ ಚಳಿಗಾಲದ ಮೂರು ತಿಂಗಳ ಕರೆಂಟ್ ಬಿಲ್ ಬಂದಾಗ ಇವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಏನೇ ಇದು, ಮನೆ ಬಿಸಿ ಮಾಡಿದ್ವಾ, ಸಮುದ್ರ ಬಿಸಿ ಮಾಡಿದ್ವಾ?"

"ನಾನೊಬ್ಳೇ ಕಾಯಿಸ್ಕೊಂಡ್ನಾ? ಬನಿಯನ್ ಹಾಕ್ಕೊಂಡು ಓಡಾಡ್ತಿದ್ದೋರು ಯಾರು?"

ಅವತ್ತಿನಿಂದ ನನಗೆ ಹಟ ಹಿಡಿಯಿತು, ಮುಂದಿನ ಚಳಿಗಾಲಕ್ಕೆ ತಯಾರಾದೆ. ಹಳೆಯ ಕಾಟನ್ ಸೀರೆಗಳನ್ನು ಉದ್ದಕ್ಕೆ ಹೊಲಿದು, ಹುಳ ಬಿದ್ದ ಅಕ್ಕಿ ತುಂಬಿ, ಬಾಗಿಲ ಸಂದಿಗೆ ಅಡ್ಡ ಇಟ್ಟೆ. ಇದಕ್ಕೆ ಇಲ್ಲಿಯವರು 'ಡೋರ್ ಸ್ನೇಕ್' ಅನ್ನುತ್ತಾರೆ, ಬಾಗಿಲ ಹಾವು. ಕಿಟಕಿಗಳಿಗೆ ನೆಲ ಮುಟ್ಟುವ ದಪ್ಪ ಪರದೆ ಹಾಕಿದೆ. ಈ ದೇಶದಲ್ಲಿ ಸೂರ್ಯ ಉತ್ತರದ ಕಡೆಯಿಂದ ಓಡಾಡುತ್ತಾನೆ, ಹಾಗಾಗಿ ಹಗಲೆಲ್ಲ ಉತ್ತರದ ಪರದೆ ತೆರೆದು ಬಿಸಿಲು ಒಳಗೆ ಬಿಟ್ಟುಕೊಂಡು, ನಾಲ್ಕಕ್ಕೆ ಮುಚ್ಚುವುದನ್ನು ಕಲಿತೆ. ಹೀಟರನ್ನು ಎರಡು ಡಿಗ್ರಿ ಇಳಿಸಿದೆ.

ನಮ್ಮ ಮನೆಯಲ್ಲಿ ಚಾವಣಿಯೊಳಗೆ ಕೊಳವೆಗಳಿವೆ. ಒಂದೇ ಯಂತ್ರ ಬೇಸಿಗೆಯಲ್ಲಿ ತಣ್ಣನೆಯ ಗಾಳಿ, ಚಳಿಗಾಲದಲ್ಲಿ ಬಿಸಿ ಗಾಳಿ ಕಳಿಸುತ್ತದೆ. ಹಾಲ್‌ನ ಗೋಡೆಯಲ್ಲಿ ಒಂದು ಪ್ಯಾನೆಲ್, ಅದರಲ್ಲಿ ಮನೆಯ ಒಂದೊಂದು ಭಾಗಕ್ಕೆ ಒಂದೊಂದು ಬಟನ್. ಬಟನ್ ಒತ್ತಿದರೆ ಆ ಭಾಗಕ್ಕೆ ಗಾಳಿ ಬಂದ್, ಮತ್ತೆ ಒತ್ತಿದರೆ ಶುರು. ಜೂನ್‌ನಲ್ಲಿ ನಾನು ಹಿಂದಿನ ರೂಮಿನ ಬಟನ್ ಒತ್ತಿದೆ.

ಹಿಂದಿನ ರೂಮಿನಲ್ಲಿ ರೇಷ್ಮಾ ಇದ್ದಳು. ಇದು ಅವಳ ನಿಜವಾದ ಹೆಸರಲ್ಲ. ರಾಯಚೂರಿನ ಕಡೆಯ ಹುಡುಗಿ, ನರ್ಸಿಂಗ್ ಓದಲು ಬಂದವಳು, ಸಂಜೆ ಹೊತ್ತು ವೃದ್ಧಾಶ್ರಮವೊಂದರಲ್ಲಿ ಕೆಲಸ. ನಮ್ಮ ಮಗಳು ತನ್ವಿಗೆ ಹದಿನೈದು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಮನೆಯಲ್ಲಿ ಇನ್ನೊಂದು ಕನ್ನಡದ ಬಾಯಿ ಇರಲಿ ಎಂಬುದೂ ನನ್ನ ಆಸೆಯಾಗಿತ್ತು. ಬಂದ ದಿನವೇ ಅವಳು ಕೇಳಿದ್ದಳು.

"ಆಂಟಿ, ಅಗ್ರಿಮೆಂಟ್ ಏನರ ಸೈನ್ ಮಾಡ್ಬೇಕೇನ್ರಿ?"

"ಅಯ್ಯೋ, ನಮ್ನಮ್ಮಲ್ಲಿ ಎಂಥ ಕಾಗದ? ನೀನು ಮನೆ ಮಗಳ ಥರ ಇದ್ಬಿಡು."

ಬಾಡಿಗೆ ಮಾತ್ರ ಪ್ರತಿ ವಾರ ತಪ್ಪದೆ ತೆಗೆದುಕೊಳ್ಳುತ್ತಿದ್ದೆ.

ಬಟನ್ ಒತ್ತಿದ್ದಕ್ಕೆ ನನ್ನ ಬಳಿ ಕಾರಣ ಇತ್ತು. ಬೆಳಗ್ಗೆ ಕಾಲೇಜು, ಸಂಜೆ ಕೆಲಸ, ಅವಳು ಮನೆಯಲ್ಲಿ ಇರುವುದೇ ಇಲ್ಲವಲ್ಲ, ಖಾಲಿ ರೂಮಿಗೆ ಯಾಕೆ ಬಿಸಿ ಗಾಳಿ? ಆ ರೂಮು ದಕ್ಷಿಣಕ್ಕಿದೆ, ಚಳಿಗಾಲದಲ್ಲಿ ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ ಎನ್ನುವುದನ್ನು ನಾನು ಯೋಚಿಸಲಿಲ್ಲ. ಯೋಚಿಸಲಿಲ್ಲ ಅನ್ನುವುದು ಸುಳ್ಳು. ಯೋಚಿಸಿ, ಇನ್ನೊಂದು ರಜಾಯಿ ಕೊಟ್ಟೆ. ಒಂದು ವಾರದ ನಂತರ ಅವಳು ಹಾಲ್‌ನಲ್ಲಿ ನಿಂತು ಪ್ಯಾನೆಲ್ ನೋಡುತ್ತಿದ್ದಳು.

"ಆಂಟಿ, ನನ್ನ ರೂಮಿನಾಗ ಗಾಳಿ ಬರವಲ್ದು. ಕೆಟ್ಟದೇನ್ರಿ?"

"ಇರ್ಬೋದು ಕಣೇ, ನೋಡಿಸ್ತೀನಿ. ಅದನ್ನ ಮುಟ್ಬೇಡ, ಸೆಟ್ಟಿಂಗ್ ಹಾಳಾಗತ್ತೆ."

"ಹೂಂ ರಿ."

ಮತ್ತೆ ಅವಳು ಕೇಳಲಿಲ್ಲ. ಅದಾದ ಮೇಲೆ ಮನೆಗೆ ಬರುವುದು ಇನ್ನೂ ತಡವಾಯಿತು, ರಜೆಯ ದಿನವೂ ಪುಸ್ತಕ ಹಿಡಿದು ಹೊರಗೆ ಹೋಗುತ್ತಿದ್ದಳು. ನೋಡಿದೆಯಾ, ಇವಳು ಮನೆಯಲ್ಲಿ ಇರುವುದೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆಗಸ್ಟ್ ಮೊದಲಲ್ಲಿ ಬಂದ ಬಿಲ್ ಹಿಂದಿನ ಚಳಿಗಾಲದ್ದರ ಸರಿಯಾಗಿ ಅರ್ಧಕ್ಕಿಳಿದಿತ್ತು. ಬಾಗಿಲ ಹಾವಿನ ಫೋಟೊ ಹಾಕಿ ನಾನು ಬರೆದ ಪೋಸ್ಟ್ ನಿಮ್ಮಲ್ಲಿ ಎಷ್ಟೋ ಜನ ಓದಿದ್ದೀರಿ, ಹಂಚಿಕೊಂಡಿದ್ದೀರಿ. "ನಮ್ಮನೇಲಿರೋ ರಾಯಚೂರಿನ ಹುಡುಗಿ ಹೀಟರ್ ಕೇಳೋದೇ ಇಲ್ಲ, ಊರಿನ ಬಿಸಿಲನ್ನ ಮೈಯಲ್ಲೇ ತುಂಬ್ಕೊಂಡು ಬಂದಿದಾಳೆ" ಎಂದು ಅದರಲ್ಲಿ ತಮಾಷೆಯನ್ನೂ ಮಾಡಿದ್ದೆ. ತುಂಬಾ ನಕ್ಕಿರಿ. ನಾನೂ ನಕ್ಕೆ.

ಆಗಸ್ಟಿನ ಒಂದು ಶನಿವಾರ, 'ಆರ್ವೋ', ಅಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ, ನಮ್ಮ ದೊಡ್ಡ ರಜಾಯಿ ಒಗೆಯಲು ಲಾಂಡ್ರಿ ಅಂಗಡಿಗೆ ಹೋದೆ. ಸಾಲಾಗಿ ದೊಡ್ಡ ದೊಡ್ಡ ಮೆಷಿನ್ನುಗಳು, ನಾವೇ ನಾಣ್ಯ ಹಾಕಿ ಒಗೆದು ಒಣಗಿಸಿಕೊಂಡು ಬರುವ ಜಾಗ. ಬಾಗಿಲು ತೆಗೆದ ಕೂಡಲೇ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಬಟ್ಟೆ ಒಣಗಿಸುವ ಮೆಷಿನ್ನುಗಳ ಪಕ್ಕದ ಬೆಂಚಿನಲ್ಲಿ ರೇಷ್ಮಾ ಮಲಗಿದ್ದಳು. ಪುಸ್ತಕ ಎದೆಯ ಮೇಲೆ, ಸಾಕ್ಸ್ ಹಾಕಿದ ಪಾದಗಳು ಮೆಷಿನ್ನಿನ ಬಿಸಿ ತಗಡಿಗೆ ಆನಿಕೊಂಡಿದ್ದವು.

ಆ ಅಂಗಡಿ ನೋಡಿಕೊಳ್ಳುವ ಬಿಳಿಯ ಅಜ್ಜಿ ತುಟಿಗೆ ಬೆರಳಿಟ್ಟು, ಮೆಲ್ಲಗೆ ಮಾತಾಡಿ ಎಂದು ಸನ್ನೆ ಮಾಡಿದಳು. ನನ್ನ ಮುಖ ನೋಡಿ, ನಿಮ್ಮ ದೇಶದ ಹುಡುಗಿ, ಗೊತ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಅರ್ಧ ತಲೆಯಾಡಿಸಿದೆ. ಅಜ್ಜಿ ಹೇಳುತ್ತಾ ಹೋದಳು: ಪಾಪ, ಅವಳ ರೂಮಿನಲ್ಲಿ ಹೀಟರ್ ಕೆಟ್ಟು ಎರಡು ತಿಂಗಳಾಯಿತಂತೆ. ಇಲ್ಲಿ ಕೂತು ಓದುತ್ತಾಳೆ, ಸುಮ್ಮನೆ ಕೂರಲಾರದೆ ನನಗೆ ಟವೆಲ್ ಮಡಚಿ ಕೊಡುತ್ತಾಳೆ. ಮನೆ ಓನರ್ ರಿಪೇರಿ ಮಾಡಿಸಬೇಕು, ಅದು ಕಾನೂನು, ದೂರು ಕೊಡುವ ಕಡೆಯ ಫೋನ್ ನಂಬರನ್ನೂ ಬರೆದುಕೊಟ್ಟೆ. ಬೇಡ ಅಂದುಬಿಟ್ಟಳು.

"ಯಾಕಂತೆ?" ಎಂದು ಕೇಳಿದೆ.

ಅವರು ಓನರ್ ಅಲ್ಲ, ನನ್ನ ಆಂಟಿ, ಆಂಟಿ ಮೇಲೆ ಹೇಗೆ ದೂರು ಕೊಡಲಿ ಅಂದಳಂತೆ.

ನಾನು ಅವಳನ್ನು ಎಬ್ಬಿಸಲಿಲ್ಲ. ಒಗೆಯದ ರಜಾಯಿಯನ್ನು ಹಾಗೇ ಹೊತ್ತುಕೊಂಡು ಹೊರಗೆ ಬಂದೆ.

ಮನೆಗೆ ಬಂದು ಆ ಬಟನ್ ಮತ್ತೆ ಒತ್ತಿದೆ. ಒಂದೇ ಒಂದು ಸಲ, ಬೆರಳ ತುದಿಯಿಂದ. ತನ್ವಿ ಸೋಫಾದಿಂದ ತಲೆ ಎತ್ತಿ ನೋಡಿದಳು.

"ಸೋ ಇಟ್ ವಾಸ್ ನೆವರ್ ಬ್ರೋಕನ್?"

ನಾನು ರಜಾಯಿಯನ್ನು ಕುರ್ಚಿಯ ಮೇಲೆ ಇಳಿಸಿದೆ.

"ಅಮ್ಮಾ. ಶಿ ಬಾರೋಸ್ ಮೈ ಹಾಟ್ ವಾಟರ್ ಬ್ಯಾಗ್ ಎವ್ರಿ ನೈಟ್."

"ಅವ್ಳು ನಂಗೆ ಒಂದ್ ಮಾತು ಹೇಳ್ಬೋದಿತ್ತಲ್ವಾ?"

ತನ್ವಿ ಆಗ ಕನ್ನಡದಲ್ಲಿ ಉತ್ತರ ಕೊಟ್ಟಳು. "ಹೇಳಿದ್ಳು."

ಸಂಜೆ ರೇಷ್ಮಾ ಬಂದಾಗ ಸತ್ಯ ಹೇಳಲು ನನಗೆ ಬಾಯಿ ಬರಲಿಲ್ಲ. "ಹೀಟರ್ ಸರಿ ಮಾಡಿಸ್ದೆ ಕಣಮ್ಮ" ಅಂದೆ. ಅವಳು ಪ್ಯಾನೆಲ್ ಕಡೆ ಒಮ್ಮೆ ನೋಡಿ, "ಛಲೋ ಆತ್ರಿ ಆಂಟಿ" ಅಂದಳು. ಅವಳಿಗೆ ಗೊತ್ತಿತ್ತು. ಎರಡು ವಾರದ ನಂತರ ಕಾಲೇಜಿಗೆ ಹತ್ತಿರ ಆಗುತ್ತದೆಂದು ಗೆಳತಿಯರ ಜೊತೆ ಬೇರೆ ಮನೆಗೆ ಹೋದಳು. ಹೋಗುವಾಗ ರೂಮು ಗುಡಿಸಿ, ನಾನು ಕೊಟ್ಟ ರಜಾಯಿ ಮಡಚಿಟ್ಟಿದ್ದಳು, ಅಂಗಡಿಯಲ್ಲಿ ಮಡಚಿದ ಹಾಗೆ ಅಚ್ಚುಕಟ್ಟಾಗಿ.

ಈ ಊರುಗಳಲ್ಲಿ ಹನ್ನೆರಡು ವರ್ಷ ಕಳೆದ ಮೇಲೆ ಜನ ನನ್ನನ್ನು ಕೇಳುತ್ತಾರೆ, ನೀವೀಗ ಅಲ್ಲಿಯವರಾ, ಇಲ್ಲಿಯವರಾ ಅಂತ. ಎರಡೂ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಎರಡೂ ಹೌದು. ಬಾಡಿಗೆ ತೆಗೆದುಕೊಳ್ಳುವಾಗ ನಾನು ಆಸ್ಟ್ರೇಲಿಯಾದವಳು, ಕರಾರು ಪತ್ರ ಕೇಳಿದರೆ ಮೈಸೂರಿನವಳು. ಇಲ್ಲಿಯ ಪರಕೀಯ ಓನರ್ ಕೈಕೆಳಗೆ ಇದ್ದಿದ್ದರೆ ಆ ಹುಡುಗಿ ಧೈರ್ಯವಾಗಿ ಜಗಳ ಆಡಿ ಬಿಸಿ ಗಾಳಿ ಪಡೆಯುತ್ತಿದ್ದಳು. ನಮ್ಮವರು ಅಂದದ್ದಕ್ಕೆ ನಡುಗುತ್ತಾ ಕೂತಳು. ನನ್ನ ಮನೆ ಬೆಚ್ಚಗಿದ್ದದ್ದು ಸೀರೆಯ ಹಾವಿನಿಂದಲ್ಲ, ಅವಳ ಸಂಕೋಚದಿಂದ.

ಕಳೆದ ತಿಂಗಳು ಧೈರ್ಯ ಮಾಡಿ ರೇಷ್ಮಾಗೆ ಫೋನ್ ಮಾಡಿದೆ. ಹೀಟರ್ ನಾನೇ ಬಂದ್ ಮಾಡಿದ್ದು, ಸುಳ್ಳು ಹೇಳಿದ್ದು, ತಪ್ಪಾಯಿತು ಅಂದೆ. "ಇರ್ಲಿ ಬಿಡ್ರಿ ಆಂಟಿ" ಅಂದಳು. ಇದನ್ನು ಬರೆಯಬಹುದಾ ಎಂದು ಕೇಳಿದೆ.

"ಬರೀರಿ. ಆದ್ರ ಒಂದು ವಾರ ತಡೀರಿ. ನಮ್ಮ ಅಮ್ಮಿಗೆ ಮೊದ್ಲು ನಾ ಹೇಳ್ತೀನಿ. ಆಕಿ ನಿಮ್ಮ ಪೋಸ್ಟ್ ಒಂದೂ ಬಿಡಂಗಿಲ್ಲ, ಎಲ್ಲಾ ಓದ್ತಾಳ. ಆ ಬಿಸಿಲಿನ ಜೋಕ್ ಇತ್ತಲ್ರಿ, ಅದನ್ನ ಓಣಿ ಮಂದಿಗೆಲ್ಲಾ ತೋರ್ಸಿದ್ಳು, ನನ್ನ ಮಗಳು ಬೆಚ್ಚಗದಾಳ ಅಂತ."

ವಾರ ಬಿಟ್ಟು ಅವಳದೇ ಮೆಸೇಜ್ ಬಂತು: "ಹೇಳೀನ್ರಿ, ಹಾಕ್ರಿ."

"ಅಮ್ಮ ಏನಂದ್ರು?" ಎಂದು ಕೇಳಿದೆ.

"ಏನೂ ಅನ್ಲಿಲ್ರಿ. ನಿಮ್ಮ ಪೇಜ್ ಓದೋದು ಬಿಟ್ಟಾಳ."

ಹಳೆಯ ಪೋಸ್ಟ್ ಅಳಿಸಿದ್ದೇನೆ. ಪರದೆ ಹಾಕಿ, ಹಾವು ಹೊಲಿಯಿರಿ, ಅವೆಲ್ಲ ಕೆಲಸ ಮಾಡುತ್ತವೆ. ಆದರೆ ನಿಮ್ಮ ಬಿಲ್ ಇಳಿದಿದ್ದರೆ, ಮನೆಯಲ್ಲಿ ಯಾರ ಮೈಯಿಂದ ಇಳಿಯಿತು ಎಂದು ಒಮ್ಮೆ ನೋಡಿಕೊಳ್ಳಿ. ದೂರದ ಊರಿನಲ್ಲಿ ಅಂಕಲ್, ಆಂಟಿ ಎಂದು ಕರೆದ ತಪ್ಪಿಗೆ ಬಾಯಿಮುಚ್ಚಿಕೊಂಡು ಇದ್ದವರು ಇಲ್ಲಿ ಬರೆಯಿರಿ, ಹೆಸರು ಬೇಡ. ಹಾಗೆ ಕರೆಸಿಕೊಂಡವರೂ ಬರೆಯಿರಿ. ನಾವೇ ಮೊದಲು ಬರೆದರೆ ಒಳ್ಳೆಯದು.