ಬದುಕಿದ್ದವರ ಹೆಸರಿನ ಹಾಡು

ನಮ್ಮ ಯಜಮಾನರು ಎರಡು ಗ್ರಾಮಫೋನ್ ಪ್ಲೇಟು ಹಾಡಿದರು. ಎರಡರ ಮೇಲೂ ‘ಪದ ಕಟ್ಟಿ ಹಾಡಿದವರು ಕ್ಯಾಸಂಬಳ್ಳಿ ಕದಿರಪ್ಪ’ ಎಂದು ಅಚ್ಚಾಗಿತ್ತು. ಅವರು ಹೋದ ಮೇಲೆ ಮನೆಗೆ ಬರುವವರೆಲ್ಲ ಮೂರನೆಯದು ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಕುಡಿದು ಗಂಟಲು ಕೆಡಿಸಿಕೊಂಡರಂತೆ ಎಂದು ಹಿಂದೆ ಒಂದು ಪತ್ರಿಕೆಯಲ್ಲೂ ಬಂದಿತ್ತು. ಅದು ಸುಳ್ಳು. ಕುಡಿಯುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಗಂಟಲು ಕೆಟ್ಟದ್ದು ಕಲ್ಲಿನ ಧೂಳಿನಿಂದ, ಅದೂ ಎಷ್ಟೋ ವರ್ಷದ ಮೇಲೆ. ಹಾಡು ಅದಕ್ಕೂ ಮುಂಚೆಯೇ ನಿಂತಿತ್ತು. ನಿಂತದ್ದು ಪಕ್ಕದ ಮನೆಯ ಪಾಪಕ್ಕನಿಗಾಗಿ.

ಯಜಮಾನರು ಹುಟ್ಟಿದ್ದು ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯಲ್ಲಿ. ತಂದೆ ಬೇಗ ತೀರಿಕೊಂಡರು. ನನ್ನ ಅತ್ತೆ ದೊಡ್ಡಮುನಿಯಮ್ಮ ಕೂಲಿ ಮಾಡಿ ಮಗನನ್ನು ಸಾಕಿದರು. ಸುತ್ತಮುತ್ತ ಎಲ್ಲಿ ಸಾವಾದರೂ ಅತ್ತೆಯನ್ನು ಕರೆಯುತ್ತಿದ್ದರು. ಹೆಣದ ಮುಂದೆ ಕೂತು, ಸತ್ತವರ ಹೆಸರು ಹಿಡಿದು, ಅವರು ಏನು ತಿನ್ನುತ್ತಿದ್ದರು, ಹೇಗೆ ನಡೆಯುತ್ತಿದ್ದರು, ಯಾರನ್ನು ಬೈಯುತ್ತಿದ್ದರು ಎಂದೆಲ್ಲ ಹಾಡಿಕೊಂಡು ಅಳುತ್ತಿದ್ದರು. ಇಲ್ಲಿ ತಮಿಳಿನವರು ಅದನ್ನು ಒಪ್ಪಾರಿ ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ. ಅದಕ್ಕೆ ಒಂದು ಧಾಟಿ ಇದೆ. ಆ ಧಾಟಿ ಸಾವಿನ ಮನೆಯಲ್ಲಿ ಹುಟ್ಟಿ ಅಲ್ಲೇ ಮುಗಿಯಬೇಕು. ಮಕ್ಕಳು ಆಟಕ್ಕೆ ಗುನುಗಿದರೂ ಅತ್ತೆ ಬಾಯಿಯ ಮೇಲೆ ಹೊಡೆಯುತ್ತಿದ್ದರು. ಬದುಕಿದ್ದವರ ಹೆಸರನ್ನಂತೂ ಆ ಧಾಟಿಯಲ್ಲಿ ಯಾರೂ ಎತ್ತುವುದಿಲ್ಲ.

ಅತ್ತೆಯ ಸೆರಗು ಹಿಡಿದು ಸಾವಿನ ಮನೆಗಳಿಗೆ ಹೋಗುತ್ತಾ ಬೆಳೆದವರು ಇವರು. ಪದ ಕಟ್ಟುವುದು ಅಲ್ಲಿಂದಲೇ ಬಂತು.

ಮದುವೆಯಾದ ವರ್ಷವೇ ಚಿನ್ನದ ಗಣಿಯಲ್ಲಿ ಕೆಲಸ ಸಿಕ್ಕಿತು. ಚಾಂಪಿಯನ್ ರೀಫ್ಸ್ ಕಡೆ ಕೂಲಿಗಳ ಸಾಲಿನಲ್ಲಿ ಒಂದು ಲೈನ್ ಮನೆ ಕೊಟ್ಟರು. ಅತ್ತೆಯೂ ನಮ್ಮ ಜೊತೆ ಬಂದರು. ಒಂದು ತಟ್ಟಿ ಗೋಡೆ, ಆಚೆ ಕಡೆ ಕುಪ್ಪುಸ್ವಾಮಿ ಮತ್ತು ಅವನ ಹೆಂಡತಿ ಪಾಪಕ್ಕ. ಕುಪ್ಪುಸ್ವಾಮಿ ಇವರ ಜೊತೆಯಲ್ಲೇ ಕಲ್ಲು ಕೊರೆಯುತ್ತಿದ್ದ. ನಾನು ಸಾರು ಕುದಿಸಿದರೆ ಅವನು ಆಚೆಯಿಂದಲೇ, “ಅಮ್ಮಾಜಕ್ಕಾ, ಉಪ್ಪು ಕಮ್ಮಿ ಆಯ್ತು ಅಂತ ವಾಸ್ನೆನೇ ಏಳ್ತೈತೆ!” ಎಂದು ಕೂಗುತ್ತಿದ್ದ. ಪಾಪಕ್ಕ, “ಮೊದ್ಲು ನಿನ್ ತಟ್ಟೆ ನೋಡ್ಕೋ” ಎಂದು ಬೈಯುತ್ತಿದ್ದಳು.

ಬಂಗಾರಪೇಟೆ ಸ್ಟೇಷನ್ ಎದುರು ರಾಮಚಂದ್ರಪ್ಪ ಎಂಬುವರ ರೇಡಿಯೋ ಅಂಗಡಿ ಇತ್ತು. ಪ್ಲೇಟು ಕೂಡ ಮಾರುತ್ತಿದ್ದರು. ಅವರ ತಂಗಿಯ ಮದುವೆಯಲ್ಲಿ ಇವರು ಹಾಡಿದ್ದು ಕೇಳಿ, ಬೆಂಗಳೂರಿನ ಪ್ಲೇಟ್ ಕಂಪನಿಯವರ ಹತ್ತಿರ ತಾವೇ ಕರೆದುಕೊಂಡು ಹೋದರು. ಅದು ೧೯೫೪. ಕೇಜು ಅನ್ನುವ ಕಬ್ಬಿಣದ ತೊಟ್ಟಿಲಲ್ಲಿ ಗಣಿಗೆ ಇಳಿಯುವ ಬೆಳಗಿನ ಶಿಫ್ಟಿನ ಮೇಲೆ ಇವರು ಕಟ್ಟಿದ ಹಾಡು ಮೊದಲ ಪ್ಲೇಟಿನಲ್ಲಿ ಬಂತು.

ಕೇಜು ಇಳೀತೈತೆ, ಸೂರ್ಯ ಮ್ಯಾಲೆ ನಿಂತವ್ನೆ,
ಸಂಜೆಗಂಟ ಕಾಯ್ತಿರು ಅಂತ ಏಳಿ ಬಂದೀನಿ.

ಕುಣಿಯುವಂಥ ಹಾಡು. ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ದಿನವೂ ಹಾಕುತ್ತಿದ್ದರು. ಕುಪ್ಪುಸ್ವಾಮಿ ಅಲ್ಲೇ ಬೆಂಚು ಹಿಡಿದು ಕೂತುಬಿಡುತ್ತಿದ್ದ. “ಇನ್ನೊಂದ್ಸಲ ಆಕಣ್ಣ. ಇವ್ನು ನಮ್ ಪಕ್ಕದ್ ಮನೆಯೋನು. ಗೋಡೆ ತೂತಿಂದ ದಿನಾ ಪುಕ್ಸಟ್ಟೆ ಕೇಳ್ತಿದ್ದೆ, ಈಗ ಟೀ ಕುಡಿದು ಕೇಳೋ ಅಂಗ್ ಆಯ್ತು” ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಆ ಪ್ಲೇಟಿನ ಬಗ್ಗೆ ಬರೆದರು. ರಾಮಚಂದ್ರಪ್ಪನವರು ಪತ್ರಿಕೆ ತಂದು ಓದಿ ಹೇಳಿದರು. ಕಂಠಕ್ಕೆ ಸಂಸ್ಕಾರವಿಲ್ಲ, ಭಾಷೆ ತೆಲುಗು ತಮಿಳು ಕಲಸಿದ ಗಂಜಿ, ಗಣಿಯ ಗದ್ದಲ ಕೇಳುತ್ತದೆ ಹಾಡು ಕೇಳುವುದಿಲ್ಲ ಎಂದು ಇತ್ತು. ಇವರು ಅದನ್ನು ಮತ್ತೆ ಓದಿಸಿದರು. ಮನೆಗೆ ಬಂದು ಮುದ್ದೆ ಮುಟ್ಟಲಿಲ್ಲ.

“ಅವ್ನ್ಯಾವನೋ ಬರೆದ್ರೆ ನಿಮ್ಗೇನು? ಇಲ್ಲಿ ಜನ ಕುಣೀತಾವ್ರೆ” ಎಂದೆ.

“ಇಲ್ಲಿರೋರು ನಮ್ಮೋರು ಕಣೆ. ನಾನು ಕೆಮ್ಮಿದ್ರೂ ಚೆನ್ನಾಗೈತೆ ಅಂತಾರೆ” ಎಂದರು.

ಆ ಮಾತು ಅವರ ಒಳಗೆ ಕೂತುಬಿಟ್ಟಿತು. ಮೂರು ವರ್ಷ ಏನೇ ಕಟ್ಟಿದರೂ, ಆ ಪತ್ರಿಕೆಯವನು ಇದಕ್ಕೆ ಏನನ್ನುತ್ತಾನೋ ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಅವನ ಮುಖವನ್ನೂ ಕಂಡವಳಲ್ಲ.

ಎರಡನೆಯ ಪ್ಲೇಟಿಗೆ ತಮ್ಮ ಗ್ಯಾಂಗಿನವರ ಮೇಲೆ ಹಾಡು ಕಟ್ಟಿದರು. ಎಲ್ಲ ತಮಾಷೆ. ಯಾರು ಗೊರಕೆ ಹೊಡೆಯುತ್ತಾರೆ, ಯಾರು ಮೇಸ್ತ್ರಿಗೆ ಹೆದರುತ್ತಾರೆ, ಯಾರ ಬುತ್ತಿಯಲ್ಲಿ ಏನಿದೆ. ಒಬ್ಬೊಬ್ಬರ ಹೆಸರೂ ಇತ್ತು. ಹೆಸರು ಹಾಕಿ ಎಂದು ಅವರೇ ಬಿದ್ದು ಬಿದ್ದು ಕೇಳಿದ್ದು. ಮುನಿಶಾಮಿ ಎಂಬುವನು, “ನನ್ನುನ್ನ ಬುಟ್ಬುಟ್ರೆ ನಿನ್ ಜೊತೆ ಕೇಜ್ ಅತ್ತಲ್ಲ ನೋಡು” ಅಂದ. ಕುಪ್ಪುಸ್ವಾಮಿ, “ನಂದು ಮೊದ್ಲು. ಪಕ್ಕದ್ ಮನೆಯೋನು ಅನ್ನೋ ಮರ್ಯಾದೆ ಇರ್ಲಿ” ಅಂದ. ಅವನ ಹೆಸರೇ ಮೊದಲು ಬಂತು.

ಕುಪ್ಪುಸ್ವಾಮಿ ನನ್ನ ತಮ್ಮ, ಕಲ್ಲು ಕೊರೆಯೋ ಕೈಗಾರ,
ಅವ್ನು ಬುತ್ತಿ ಬಿಚ್ಚಿದ್ರೆ ಗಣಿಯೆಲ್ಲ ಗಮಗಮ.

ಹೊರಡುವಾಗ ಅದಕ್ಕೆ ಕೋಲಾಟದ ಧಾಟಿ ಇತ್ತು. ಬೆಂಗಳೂರಿನಲ್ಲಿ ಕಂಪನಿಯ ಮನುಷ್ಯ, ಹೀಗೇ ಹಾಡಿದರೆ ಹೋದ ಸಲದ ಹಾಗೆ ನಗುತ್ತಾರೆ, ಮನಸ್ಸು ಕರಗುವಂಥ ಧಾಟಿ ಯಾವುದಾದರೂ ಇದೆಯೇ ಎಂದು ಕೇಳಿದನಂತೆ. ಇವರು ಅತ್ತೆಯ ಒಪ್ಪಾರಿಯನ್ನು ಸುಮ್ಮನೆ ಗುನುಗಿದರಂತೆ. ಆತ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ಇದೇ ಸರಿ, ಆ ಮಾತುಗಳನ್ನು ಇದಕ್ಕೆ ಕೂರಿಸಿ ಅಂದನಂತೆ. ಇವರು ಕೂರಿಸಿದರು. ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಬೇರೆ ಊರಿನಲ್ಲಿ, ಬರೀ ಧಾಟಿ, ಅದಕ್ಕೇನು ಶಕ್ತಿ ಎಂದುಕೊಂಡೆ ಅಂತ ಆಮೇಲೆ ಅಂದರು.

ಪ್ಲೇಟು ಬಂದ ಭಾನುವಾರ ರಾಮಚಂದ್ರಪ್ಪನವರು ಹಾರನ್ ಇರುವ ಪೆಟ್ಟಿಗೆಯನ್ನೇ ಲೈನಿಗೆ ತಂದರು. ಗ್ಯಾಂಗಿನವರೆಲ್ಲ ಬಿಳಿ ಷರಟು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಬಂದು ಕೂತರು. ಪಾಪಕ್ಕ ತಲೆಗೆ ಹೂವು ಮುಡಿದಿದ್ದಳು. ಮುಳ್ಳು ಇಟ್ಟರು. ಧಾಟಿ ಎದ್ದಿತು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಾವಿಲ್ಲದ ಮನೆಯಲ್ಲಿ ಒಪ್ಪಾರಿ. ಅದರ ಹಿಂದೆಯೇ ಕುಪ್ಪುಸ್ವಾಮಿಯ ಹೆಸರು ಬಂತು, ಬುತ್ತಿಯ ಮಾತು ಬಂತು. ಸತ್ತವನು ಏನು ತಿನ್ನುತ್ತಿದ್ದ ಎಂದು ಹೇಳಿಕೊಂಡು ಅಳುವ ಹಾಗೇ ಇತ್ತು.

ಅತ್ತೆ ಎದ್ದು ಹೋಗಿ ಮುಳ್ಳು ಎತ್ತಿ ಎಸೆದರು. “ಬದ್ಕಿರೋರ್ಗೆ ಅಳ್ತೀಯೇನ್ಲಾ? ನನ್ ಒಟ್ಟೇಲಿ ಉಟ್ಟಿ ಇದ್ನ ಮಾಡ್ದೇನ್ಲಾ?” ಎಂದು ಮಗನ ಕೆನ್ನೆಗೆ ಹೊಡೆದರು. ಆ ವಯಸ್ಸಿನ ಮಗನಿಗೆ.

ಕುಪ್ಪುಸ್ವಾಮಿಯೇ ನಡುವೆ ಬಂದ. “ಬುಡಮ್ಮ, ನಾನು ಇಲ್ಲೇ ಇದೀನಿ, ಬೇಕಾದ್ರೆ ಗಿಲ್ಲಿ ನೋಡು. ಸತ್ತ ಮೇಲೆ ಅತ್ರೆ ನಂಗೆ ಕೇಳ್ಸ್ತದಾ? ಈಗ್ಲೇ ಕೇಳ್ಕೊಂಡೆ, ಲಾಭ ಆಯ್ತು” ಎಂದು ನಕ್ಕ. ಗಂಡಸರು ಒಂದಿಬ್ಬರು ನಕ್ಕರು. ಪಾಪಕ್ಕ ನಗಲಿಲ್ಲ. ಮಕ್ಕಳನ್ನು ಎತ್ತಿಕೊಂಡು ಒಳಗೆ ಹೋದಳು.

ಅತ್ತೆ ಎಲ್ಲರ ಮನೆಯ ಮುಂದೆ ಕುಂಬಳಕಾಯಿ ಒಡೆದು ದೃಷ್ಟಿ ತೆಗೆದರು. ಇವರು ಬಂಗಾರಪೇಟೆಗೆ ಹೋಗಿ ಪ್ಲೇಟು ಮಾರಬೇಡಿ ಎಂದು ಕೇಳಿಕೊಂಡರು. ರಾಮಚಂದ್ರಪ್ಪನವರು ಅದೇ ವಾರಪತ್ರಿಕೆಯನ್ನು ಮುಂದೆ ಹಿಡಿದರಂತೆ. ಅದೇ ಮನುಷ್ಯ ಬರೆದಿದ್ದ. ಈ ಗಾಯಕ ಬೆಳೆದಿದ್ದಾನೆ, ಸಾಮಾನ್ಯ ಮಾತಿನ ಅಡಿಯಲ್ಲಿ ಇಷ್ಟು ದೊಡ್ಡ ಶೋಕವನ್ನು ಕನ್ನಡದಲ್ಲಿ ಈಚೆಗೆ ಯಾರೂ ಹಾಡಿಲ್ಲ ಎಂದು. ಮೂರು ವರ್ಷ ಕಾದಿದ್ದ ಮಾತು. ಮನೆಗೆ ಬಂದು ಅದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಸಂತೋಷವೂ ಇತ್ತು, ಕಳ್ಳನ ಅಳುಕೂ ಇತ್ತು. ಪ್ಲೇಟಿನ ಮಾರಾಟ ನಿಲ್ಲಲಿಲ್ಲ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನೆಲ ನಡುಗಿತು. ಗೂಡಿನ ಪಾತ್ರೆಗಳು ಬಿದ್ದವು. ಒಳಗೆ ಬಂಡೆ ತಾನಾಗಿ ಸಿಡಿದರೆ ಹೀಗಾಗುತ್ತದೆ, ಏರ್ ಬ್ಲಾಸ್ಟ್ ಅನ್ನುತ್ತಾರೆ. ಸೈರನ್ ಕೂಗಿತು. ಒಲೆ ಹಾಗೇ ಬಿಟ್ಟು ಲೈನಿನ ಹೆಂಗಸರೆಲ್ಲ ಗಣಿಯ ಬಾಯಿಗೆ, ಶಾಫ್ಟಿನ ಕಡೆ ಓಡಿದೆವು. ಪಾಪಕ್ಕ ನನ್ನ ಕೈ ಹಿಡಿದೇ ಓಡಿದಳು. ಕೇಜು ಮೇಲೆ ಬಂತು. ನನ್ನ ಗಂಡ ಇಳಿದರು, ಮೈಯೆಲ್ಲ ಧೂಳು. ಪಾಪಕ್ಕನನ್ನು ನೋಡಿ ತಲೆ ತಗ್ಗಿಸಿದರು. ಅವಳು ನನ್ನ ಕೈ ಬಿಟ್ಟಳು.

ಕುಪ್ಪುಸ್ವಾಮಿಯನ್ನು ಮಾರನೆಯ ದಿನ ತಂದರು. ಅತ್ತೆ ಹೆಣದ ಮುಂದೆ ಕೂತು ಬಾಯಿ ತೆರೆದರು. ಪಾಪಕ್ಕ ಅವರ ಬಾಯಿ ಮುಚ್ಚಿದಳು. “ಬ್ಯಾಡಮ್ಮ. ನಿಮ್ ಮಗ ಆಗ್ಲೇ ಅತ್ತವ್ರೆ. ಊರೂರೆಲ್ಲ ಕೇಳೈತೆ. ಇನ್ನ ನಾನ್ ಏನಂತ ಅಳ್ಲಿ?” ಅಂದಳು. ಕೂಗಿ ಹೇಳಲಿಲ್ಲ. ಇವರು ಬಾಗಿಲಲ್ಲೇ ನಿಂತಿದ್ದರು. ಹೆಣ ಹಾಡಿಲ್ಲದೆ ಹೋಯಿತು. ನಮ್ಮ ಲೈನಿನಲ್ಲಿ ಹಾಗೆ ಯಾರೂ ಹೋಗಿರಲಿಲ್ಲ.

ಹಾಡು ಬಂಡೆ ಒಡೆಯುವುದಿಲ್ಲ. ನನಗೆ ಅಷ್ಟು ಗೊತ್ತು. ಹೆಸರು ಇದ್ದವರಲ್ಲಿ ಮಿಕ್ಕವರೆಲ್ಲ ಬದುಕಿದ್ದರು. ಹೆಸರಿಲ್ಲದವರೂ ಅವತ್ತು ಸತ್ತರು. ಆದರೂ ಗ್ಯಾಂಗಿನವರು ಇವರ ಜೊತೆ ಕೇಜು ಹತ್ತಲು ಹಿಂದೆಗೆದರು. ಕೊನೆಗೆ ಇವರು ನೆಲದ ಮೇಲಿನ ಕೆಲಸಕ್ಕೆ, ಕಲ್ಲು ಪುಡಿ ಮಾಡುವಲ್ಲಿಗೆ, ಹಾಕಿಸಿಕೊಂಡರು. ಧೂಳು ಹೆಚ್ಚಿನ ಜಾಗ. ಟೀ ಅಂಗಡಿಯಲ್ಲಿ ಮೊದಲ ಪ್ಲೇಟನ್ನೂ ಹಾಕುವುದು ಬಿಟ್ಟರು.

ಒಂದು ದಿನ ಇವರು ಪಾಪಕ್ಕನ ಬಾಗಿಲಿಗೆ ಹೋದರು. ನಾನೂ ಜೊತೆಗಿದ್ದೆ. ಅವಳು ನೀರು ಕೊಟ್ಟಳು.

“ನಿಮ್ ಮ್ಯಾಲೆ ಕೋಪ ಇಲ್ಲಣ್ಣ. ಅಳು ಬರಲ್ಲ, ಅಷ್ಟೇ. ಬಾಯಿ ತೆಗೆದ್ರೆ ನಿಮ್ ಪ್ಲೇಟೇ ಬತ್ತದೆ. ಅವ್ನ ಎಸ್ರು ಎತ್ತಿದ್ರೆ ನಿಮ್ ದನಿಲೇ ಕೇಳ್ಸ್ತದೆ” ಅಂದಳು.

ಇವರು ಮನೆಗೆ ಬಂದು ಗೋಡೆಗೆ ಒರಗಿ ಕೂತರು. “ಅವ್ಳ ಅಳುನ ನಾನು ಕಿತ್ಕೊಂಡ್ಬಿಟ್ಟೆ. ಅವ್ಳು ಒಂದ್ಸಲ ಬಾಯ್ಬಿಟ್ಟು ಅತ್ರೆ ನಾನು ಪದ ಆಡ್ತೀನಿ. ಅಲ್ಲೀಗಂಟ ಇಲ್ಲ” ಅಂದರು. ಹೇಳಿದ ಹಾಗೇ ನಡೆದರು. ಕಂಪನಿಯವನು ಕಾರಿನಲ್ಲಿ ಲೈನಿಗೇ ಬಂದ. ಬೆಂಗಳೂರಿನಲ್ಲಿ ಜನ ಕೇಳುತ್ತಿದ್ದಾರೆ, ಮೂರನೆಯದಕ್ಕೆ ಒಪ್ಪಿಕೊಳ್ಳಿ ಎಂದ. ಇವರು ಕಾಫಿ ಕೊಟ್ಟು ಕಳಿಸಿದರು. ಆಮೇಲೆಯೇ ಪತ್ರಿಕೆಯಲ್ಲಿ ಕುಡಿತದ ಮಾತು ಬಂದದ್ದು.

ಅತ್ತೆ ತೀರಿಕೊಂಡಾಗ ಹಳ್ಳಿಯ ಹೆಂಗಸರೆಲ್ಲ ಬಂದು ಒಪ್ಪಾರಿ ಹೇಳಿದರು. ಪಾಪಕ್ಕನೂ ಬಂದು ಕೂತಳು. ಇವರು ಹೆತ್ತ ತಾಯಿಯ ಹೆಣ ಬಿಟ್ಟು ಪಾಪಕ್ಕನ ಬಾಯನ್ನೇ ನೋಡುತ್ತಿದ್ದರು. ಅವಳ ತುಟಿ ಅಲುಗಲಿಲ್ಲ. ನನಗೆ ಸಿಟ್ಟು ಬಂತು. ಇವಳು ಒಂದು ಸಲ ಅತ್ತುಬಿಟ್ಟರೆ ಏನು ಹೋಗುತ್ತದೆ ಎಂದು. ಗಂಡ ಬದುಕಿದ್ದವಳ ಸಿಟ್ಟು ಅದು. ಈಗ ಗೊತ್ತಾಗುತ್ತದೆ, ಬೇಕೆಂದಾಗ ಬರುವುದಿಲ್ಲ.

ಎದೆಯಲ್ಲಿ ಧೂಳು ಕೂತಿತು. ಕೆಮ್ಮಿ ಕೆಮ್ಮಿ ಮಾತೂ ಸಣ್ಣಗಾಯಿತು. ಕೊನೆಯ ವರ್ಷ ತಟ್ಟಿ ಗೋಡೆಯ ಪಕ್ಕದಲ್ಲೇ ಹಾಸಿಗೆ ಹಾಕಿಸಿಕೊಂಡಿದ್ದರು. ಆಚೆ ಕಡೆ ಪಾತ್ರೆ ಸದ್ದಾದರೂ, “ಏನಾರಾ ಕೇಳ್ಸ್ತಾ?” ಎಂದು ನನ್ನನ್ನು ಕೇಳುತ್ತಿದ್ದರು. ಇಲ್ಲ ಎಂದು ಹೇಳಿ ಹೇಳಿ ಸಾಕಾಗಿತ್ತು. ೧೯೬೬ರ ಮಾಘದಲ್ಲಿ ಹೋದರು.

ಸುದ್ದಿ ಬಂಗಾರಪೇಟೆಗೆ ಮುಟ್ಟಿ ರಾಮಚಂದ್ರಪ್ಪನವರು ಬಂದರು. ಜೊತೆಯಲ್ಲಿ ಪೆಟ್ಟಿಗೆ, ಹಾರನ್, ಎರಡನೆಯ ಪ್ಲೇಟು. “ಇಷ್ಟು ದೊಡ್ಡ ಹಾಡುಗಾರನನ್ನು ಸುಮ್ಮನೆ ಕಳಿಸಬಾರದಮ್ಮ. ಅವನ ಹಾಡಿನಲ್ಲೇ ಕಳಿಸೋಣ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಚಟ್ಟ ಕಟ್ಟುತ್ತಿದ್ದ ಮುನಿಶಾಮಿ ಕೈ ನಿಲ್ಲಿಸಿ ನನ್ನನ್ನು ನೋಡಿದ. ಅವನ ಹೆಸರೂ ಅದರಲ್ಲಿದೆ.

“ಬ್ಯಾಡ. ಬದ್ಕಿರೋರು ಅವ್ರೆ ಅದ್ರಾಗೆ. ತಕ್ಕೊಂಡೋಗಿ ಸಾಮಿ” ಎಂದೆ.

ನನಗೆ ಹಾಡಲು ಬರುವುದಿಲ್ಲ. ಲೈನಿನ ಹೆಂಗಸರು ಕೂತಿದ್ದರು. ಯಾರೂ ಬಾಯಿ ತೆರೆಯಲಿಲ್ಲ, ಪಾಪಕ್ಕನ ಅಳು ಕಿತ್ತುಕೊಂಡವರಿಗೆ ಅವಳ ಎದುರೇ ಹೇಗೆ ತೆರೆಯುವುದು. ನನ್ನ ಗಂಡನೂ ಹಾಡಿಲ್ಲದೆ ಹೋಗುತ್ತಾರೆ ಎಂದುಕೊಂಡೆ.

ಪಾಪಕ್ಕ ಎದ್ದು ಬಂದು ಹೆಣದ ಹತ್ತಿರ ಕೂತಳು. ನನ್ನ ಹೆಗಲ ಮೇಲೆ ಕೈ ಇಟ್ಟಳು. “ಕದಿರಪ್ಪಣ್ಣಾ” ಎಂದು ಧಾಟಿಯಲ್ಲಿ ಎತ್ತಿದಳು. ಒಡಕು ದನಿ. ಅಲ್ಲಿಗೆ ನಿಂತಿತು. ಮತ್ತೆ ಎತ್ತಿದಳು. ಈ ಸಲ ಬಂದದ್ದು ಬೇರೆ ಹೆಸರು.

“ಕುಪ್ಪುಸ್ವಾಮೀ...” ಎಂದಳು. ಉಪ್ಪು ಕಮ್ಮಿ ಅಂತಿದ್ಯಲ್ಲ ಸಾಮಿ ಅಂದಳು. ಷರಟಿನ ಗುಂಡಿ ಹಾಕೋಕೆ ಬರ್ತಿರಲಿಲ್ಲವಲ್ಲ ಅಂದಳು. ಕೇಜಿಂದ ಎಲ್ಲಾರೂ ಇಳಿದ್ರು, ನೀನ್ಯಾಕೆ ಇಳೀಲಿಲ್ಲ ಅಂದಳು. ಒಂದೂ ಪ್ಲೇಟಿನ ಮಾತಲ್ಲ. ಎಲ್ಲ ಅವಳದೇ. ಕೂದಲು ಬಿಚ್ಚಿಹೋಗಿತ್ತು. ಮೈ ಆಡಿಸಿಕೊಂಡು ಹಾಡಿದಳು. ನನ್ನ ಗಂಡನ ಹೆಣದ ಮುಂದೆ ಕೂತು ತನ್ನ ಗಂಡನಿಗೆ ಅತ್ತಳು. ನನ್ನವರಿಗೆ ಸಿಕ್ಕಿದ್ದು ಆ ಮೊದಲ ಒಂದು ಕೂಗು ಮಾತ್ರ.

ಹೆಂಗಸರು ನನ್ನ ಮುಖ ನೋಡಿದರು. ಒಬ್ಬಳು ಅವಳನ್ನು ಹಿಡಿಯಲು ಹೋದಳು. ನಾನು ಬಿಡಲಿಲ್ಲ. ಇವರು ಒಂಬತ್ತು ವರ್ಷ ಗೋಡೆಗೆ ಕಿವಿ ಕೊಟ್ಟು ಕಾದದ್ದು ಇದಕ್ಕೆ. ಕೇಳಲು ಇವರಿಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.

ಬಿಸಿಲು ಏರಿತು. ಮುನಿಶಾಮಿ ಬಂದು, “ಅಕ್ಕಾ, ಒತ್ತಾಯ್ತು, ಎತ್ಬೇಕು” ಎಂದ.

“ಅವ್ಳು ಮುಗ್ಸ್ಲಿ. ಕಾಯಿ” ಎಂದೆ.