ಅಡಿಪಾಯಕ್ಕೆ ಮಳೆ ಕುಡಿಸಿದವರು

ಅವರ ಕಪ್ಪು ಕೊಡೆಯ ಒಂದು ಕಡ್ಡಿಯ ಉದ್ದಕ್ಕೂ ಕೆಂಪು ನೂಲಿನ ಹೊಲಿಗೆಗಳಿದ್ದವು. ಅರ್ಧ ಅಡಿಗೊಂದು ಸಣ್ಣ ಹೊಲಿಗೆ, ಅಡಿಗೊಂದು ದಪ್ಪ ಹೊಲಿಗೆ. ಮೊದಲ ಸಲ ಕಂಡಾಗ ಹರಿದ ಕೊಡೆಗೆ ತೇಪೆ ಹಾಕಿಕೊಂಡಿದ್ದಾರೆ ಅಂದುಕೊಂಡೆ. ಆಮೇಲೆ ನೋಡಿದರೆ ಅದನ್ನು ಮಡಚಿ, ನೆಲದ ಮೇಲೆ ಮಲಗಿಸಿ, ಮನೆ ಅಳೆಯುತ್ತಿದ್ದರು. ಅವರ ಬ್ಲಾಕ್ ಆಫೀಸಿನಲ್ಲಿದ್ದದ್ದು ಒಂದೇ ಟೇಪು, ಅದು ಯಾವಾಗಲೂ ಓವರ್ಸಿಯರರ ಜೇಬಿನಲ್ಲಿ. ನಾನು ಗಾರೆ ಕೆಲಸದವನು, ಇನ್ನೊಬ್ಬರ ಅಳತೆಯನ್ನು ಸುಮ್ಮನೆ ನಂಬುವವನಲ್ಲ. ಒಂದು ದಿನ ಅವರು ಚಹಾ ಕುಡಿಯುತ್ತಿದ್ದಾಗ ನನ್ನ ಟೇಪು ತಂದು ಕೊಡೆಗೆ ಹಿಡಿದು ನೋಡಿದೆ. ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅವರು ಲೋಟದ ಮೇಲಿಂದ ನೋಡಿ ನಕ್ಕರು.

"ಏನ್ ಮೇಸ್ತ್ರಿ, ನನ್ನ ಕೊಡೆ ಪಾಸಾಯ್ತಾ?"

ಅವರು ಬ್ಲಾಕ್ ಆಫೀಸಿನ ಗ್ರಾಮಸೇವಕಿ. ವಯನಾಡು ಜಿಲ್ಲೆಯಾಗಿ ಆಗಿನ್ನೂ ಕೆಲವೇ ವರ್ಷ. ಕೇರಳದ ತೆಂಕಣ ಜಿಲ್ಲೆಗಳಿಂದ ಇಲ್ಲಿಗೆ ವರ್ಗವಾಗಿ ಬಂದವರು ಬಂದ ದಿನವೇ ವಾಪಸ್ಸು ಹೋಗುವ ಕಾಗದ ಬರೆಯುತ್ತಿದ್ದರು. ಇವರೂ ತೆಂಕಣದವರೇ, ಆದರೆ ಬರೆಯಲಿಲ್ಲ. ಮಾನಂದವಾಡಿಯಿಂದ ಬೆಳಗಿನ ಬಸ್ಸಿನಲ್ಲಿ ತೋಲ್ಪೆಟ್ಟಿಗೆ ಬಂದು ಇಳಿದು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಮ್ಮೂರಿನ ಕೆಸರಿನಲ್ಲಿ ನಡೆದು ಬರುತ್ತಿದ್ದರು. ನಾವೆಲ್ಲ ಅವರನ್ನು ಚೇಚಿ ಅನ್ನುತ್ತಿದ್ದೆವು. ಮಲೆಯಾಳದಲ್ಲಿ ಅಕ್ಕ ಅಂದ ಹಾಗೆ. ಕನ್ನಡವನ್ನು ಅವರು ಕಲಿತದ್ದು ನಮ್ಮೂರಿನ ಹೆಂಗಸರ ಬಾಯಿಂದ. ಹಾಗಾಗಿ ಅವರ ಕನ್ನಡದಲ್ಲಿ ಆಫೀಸಿನ ವಾಸನೆಯೇ ಇರಲಿಲ್ಲ. "ಬತ್ತದೆ, ಹೋಯ್ತದೆ" ಎಂದೇ ಮಾತು. ಮಲೆಯಾಳದ ಆಫೀಸಿನವರು ಇಷ್ಟು ಚೆನ್ನಾಗಿ ನಮ್ಮ ಹಾಗೆ ಬೈಯುವುದನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಅವರದೊಂದು ಅಭ್ಯಾಸವಿತ್ತು. ಯಾರ ಮನೆಯ ಅರ್ಜಿ ಅವರ ಚೀಲದಲ್ಲಿದೆಯೋ ಆ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ. ಬೆಲ್ಲ ಹಾಕಿದ ಕಪ್ಪು ಚಹಾ ಮಾತ್ರ. ಎಷ್ಟು ಬಲವಂತ ಮಾಡಿದರೂ, "ಸೂರು ಆಗ್ಲಿ, ಆಮೇಲೆ ಎರಡು ಸಲ ಬಡಿಸು" ಅನ್ನುತ್ತಿದ್ದರು. ನಿಜಕ್ಕೂ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು.

ಮನೆ ಇಲ್ಲದವರಿಗೆ ಸರ್ಕಾರ ಮನೆ ಕಟ್ಟಲು ಹಣ ಕೊಡುತ್ತದೆ ಎಂಬ ಸುದ್ದಿ ತಂದವರು ಅವರೇ. ನಮ್ಮದು ಆಗ ಹುಲ್ಲು ಹೊದಿಸಿದ ಮಣ್ಣಿನ ಮನೆ. ಹಿಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅದರ ಪಡುವಣ ಗೋಡೆ ಕುಸಿದು, ನನ್ನ ಹೆಂಡತಿ ಎದ್ದು ಹೋಗಿದ್ದ ಚಾಪೆಯ ಮೇಲೆ ಬಿದ್ದಿತ್ತು. ಅವಳು ಒಲೆ ಹಚ್ಚಲು ಎದ್ದಿದ್ದಳು, ಅಷ್ಟೆ. ಆ ಗೋಡೆಯನ್ನು ನಾನೇ ಮತ್ತೆ ಮೆತ್ತಿದೆ. ಊರವರಿಗೆಲ್ಲ ಮನೆ ಕಟ್ಟುವ ಮೇಸ್ತ್ರಿಗೆ ತನ್ನ ಮನೆ ಕಟ್ಟಿಕೊಳ್ಳಲು ಆಗಿರಲಿಲ್ಲ. ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ನನಗೆ ಮೈ ಉರಿಯುತ್ತಿತ್ತು.

ಚೇಚಿ ಅರ್ಜಿ ಹಿಡಿದು ಬಾಗಿಲಿಗೆ ಬಂದಾಗ ನಾನು ಮುಖ ತಿರುಗಿಸಿದೆ. "ನಂಗೆ ಕೈಕಾಲು ಗಟ್ಟಿ ಅದಾವೆ. ಧರ್ಮದ ಮನೆ ಬೇಡ. ಇಲ್ಲದೋರಿಗೆ ಕೊಡಿ."

ಅವರು ಕೋಪಿಸಿಕೊಳ್ಳಲಿಲ್ಲ. ನನ್ನ ಕಿವಿಯಲ್ಲಿ ಸಿಕ್ಕಿಸಿದ್ದ ಬೀಡಿಯನ್ನು ಬೊಟ್ಟು ಮಾಡಿ ತೋರಿಸಿದರು. "ಆ ಬೀಡಿ ಕೊಂಡಾಗ ಸರ್ಕಾರ ತನ್ನ ಪಾಲು ಇಟ್ಕೊಂಡಿಲ್ವಾ? ಬೆಂಕಿಪೆಟ್ಟಿಗೆಲಿ, ಸೋಪಲಿ, ನೀನು ಹತ್ತೋ ಬಸ್ಸಲಿ? ಅದ್ರಲ್ಲಿ ಒಂಚೂರು ವಾಪಸ್ ಇಸ್ಕೊ ಅಂತೀನಿ. ಧರ್ಮ ಕೊಡೋಕೆ ನಾನೇನು ರಾಣಿಯಾ? ನಾನೂ ಕೂಲಿಯೋಳೇ."

ನಾನು ಬೀಡಿಯನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿರುವಾಗ ಒಳಗಿನಿಂದ ನನ್ನ ಹೆಂಡತಿ ಕೂಗಿದಳು. "ಬರ್ಕಳಿ ಚೇಚಿ. ಅವರು ಹೂಂ ಅನ್ನೋ ಹೊತ್ತಿಗೆ ನಾಳೆ ಆಯ್ತದೆ. ನನ್ನ ಹೆಸರಲ್ಲೇ ಬರ್ಕಳಿ."

ಹಾಗೆ ಅವಳ ಹೆಸರಿನಲ್ಲಿ ಅರ್ಜಿ ಹೋಯಿತು. ಓಣಂ ಕಳೆದು ಮೊದಲ ಕಂತು ಬಂತು. ಒಟ್ಟು ಮೂರು ಕಂತು. ಅಡಿಪಾಯಕ್ಕೊಂದು, ಗೋಡೆ ಬಾಗಿಲಿನ ತಲೆಮಟ್ಟಕ್ಕೆ, ಅಂದರೆ ಲಿಂಟಲಿಗೆ, ಮುಟ್ಟಿದಾಗ ಒಂದು, ಹೆಂಚು ಹೊದಿಸುವಾಗ ಒಂದು. ನಾನು ಎಲ್ಲ ಕೆಲಸ ಬಿಟ್ಟು ಅಡಿಪಾಯಕ್ಕೆ ಕೂತೆ. ಬೇರೆಯವರಿಗೆ ಎರಡಡಿ ಅಗೆದರೆ ನನಗೆ ಮೂರಡಿ ಅಗೆದೆ. ಕಲ್ಲನ್ನು ಒಂದೊಂದಾಗಿ ತಿರುಗಿಸಿ ನೋಡಿ ಕೂರಿಸಿದೆ. ಒಳಗೆ ಮಣ್ಣು ತುಂಬಿದೆ. ಅಲ್ಲಿಗೆ ಕೆಲಸ ನಿಲ್ಲಿಸಿ, ಕೇಣಿಚಿರದಲ್ಲಿ ಒಬ್ಬರ ಅಂಗಡಿ ಕಟ್ಟುವ ಕೆಲಸಕ್ಕೆ ಹೊರಟುಹೋದೆ.

ನಿಲ್ಲಿಸಿದ್ದು ಸೋಮಾರಿತನಕ್ಕಲ್ಲ. ನಮ್ಮ ಕಡೆ ಅಡಿಪಾಯ ಒಂದು ಮಳೆ ಕುಡಿಯಬೇಕು. ಮಳೆಗಾಲ ಪೂರ್ತಿ ನೆನೆದು, ತುಂಬಿದ ಮಣ್ಣು ಇಳಿಯುವಷ್ಟು ಇಳಿದ ಮೇಲೆಯೇ ಗೋಡೆ ಏರಿಸುವುದು. ನನ್ನ ಅಪ್ಪ ಹಾಗೆ ಮಾಡಿದ, ನನಗೆ ಕೆಲಸ ಕಲಿಸಿದವನೂ ಹಾಗೆಯೇ ಮಾಡಿದ. ಕುಟ್ಟದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಪಾಟಿ ಬಿಸಾಕಿದವನಿಗೆ ಗೊತ್ತಿದ್ದ ದೊಡ್ಡ ಶಾಸ್ತ್ರವೇ ಅದು. ಸರ್ಕಾರದ ವರ್ಷ ಮಾರ್ಚಿಗೆ ಮುಗಿಯುತ್ತದೆ ಎಂಬ ಶಾಸ್ತ್ರ ನನಗೆ ಗೊತ್ತಿರಲಿಲ್ಲ.

ಫೆಬ್ರವರಿ ನಡುವೆ ಚೇಚಿ ಬಂದರು. ನಾನು ಅವತ್ತು ಊರಿನಲ್ಲಿದ್ದೆ. ಅಡಿಪಾಯದ ಮೇಲೆ ಹುಲ್ಲು ಮೊಳೆತು ಒಣಗಿತ್ತು. ಪಕ್ಕದ ಮನೆಯ ಆಡು ಅದರ ಮೇಲೆ ಮಲಗಿತ್ತು.

"ಇದೇನಿದು?" ಅಂದರು.

"ಪಾಯ ಮಳೆ ಕುಡೀಲಿ ಅಂತ ಬಿಟ್ಟಿದೀನಿ ಚೇಚಿ. ಬರೋ ವರ್ಷ ಗೋಡೆ."

ಅವರು ಕೊಡೆ ಊರಿಕೊಂಡು ಅಡಿಪಾಯದ ಮೇಲೆಯೇ ಕುಳಿತುಬಿಟ್ಟರು. "ಮಾರ್ಚ್ ಮೂವತ್ತೊಂದರೊಳಗೆ ಲಿಂಟಲ್ ಮುಟ್ಟದಿದ್ರೆ ಬಾಕಿ ಹಣ ವಾಪಸ್ ಹೋಯ್ತದೆ ಮೇಸ್ತ್ರಿ. ಇನ್ನೊಂದು ಸಲ ಈ ಹೆಸರು ಬರಾಕಿಲ್ಲ. ಕಾಗದದಲ್ಲಿ ಬರ್ದಿತ್ತು, ಓದಿ ಹೇಳಿದ್ದೆ. ನೀನು ಆಗ ಕಲ್ಲು ಎಣಿಸ್ತಾ ಇದ್ದೆ."

ನನ್ನ ಹೆಂಡತಿ ಆಗ ಬಸುರಿ. ದಿನ ತುಂಬುವುದು ಜೂನಿನಲ್ಲಿ, ಸರಿಯಾಗಿ ಮಳೆ ಹಿಡಿಯುವ ಹೊತ್ತಿಗೆ. ಅವಳು ನಾನು ಮೆತ್ತಿದ್ದ ಆ ಪಡುವಣ ಗೋಡೆಯ ಕಡೆ ಒಮ್ಮೆ ನೋಡಿದಳು. ನನಗೆ ಬೈಗುಳವಾದರೆ ತಡೆದುಕೊಳ್ಳಬಹುದಿತ್ತು.

ಆದರೂ ನಾನು ಬಗ್ಗಲಿಲ್ಲ. "ಈಗ ಕಟ್ಟಿದ್ರೆ ಬಿರುಕು ಬುಡ್ತದೆ. ಬಿರುಕಿನ ಮನೆ ನಾನು ಕಟ್ಟಾಕಿಲ್ಲ."

"ಸರಿ, ಕಟ್ಟಬ್ಯಾಡ," ಅಂದರು ಚೇಚಿ. ಕೊಡೆಯ ತುದಿಯಿಂದ ಆಡನ್ನು ಎಬ್ಬಿಸಿ ಕೆಳಗಿಳಿಸಿದರು. ಆಮೇಲೆ ಕೇಳಿದರು. "ಮಳೆ ಅಂದ್ರೆ ನೀರೇ ತಾನೆ ಮೇಸ್ತ್ರಿ?"

"ಹೂಂ."

"ಮ್ಯಾಲಿಂದ್ಲೇ ಬೀಳಬೇಕಾ? ಕೊಡದಿಂದ ಬಿದ್ರೆ ಪಾಯ ಕುಡಿಯಾಕಿಲ್ವಾ?"

ಕುಡಿಯುತ್ತದೆ ಎಂದು ನನ್ನೊಳಗಿನ ಮೇಸ್ತ್ರಿಗೆ ಗೊತ್ತಿತ್ತು. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಮರುದಿನದಿಂದ ನೀರು ಹರಿಯುವ ತೋಡಿನಿಂದ ನಮ್ಮ ಜಾಗದವರೆಗೆ ಹೆಂಗಸರ ಸಾಲು. ಚೇಚಿ ಮನೆಮನೆಗೆ ಹೋಗಿ ಹೇಳಿ ಬಂದಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಬ್ಬೊಬ್ಬರು ಎರಡೆರಡು ಕೊಡ, ಸಂಜೆ ಬಂದ ಮೇಲೆ ಎರಡೆರಡು. ಪಕ್ಕದ ಮನೆಯ ದೊಡ್ಡವ್ವ ಸೊಂಟ ಬಾಗಿದ್ದರೂ ಚೊಂಬಿನಲ್ಲಿ ತಂದು ಸುರಿಯುತ್ತಿದ್ದಳು. "ಕುಡಿಯಪ್ಪ ಕುಡಿ, ನಿಂಗೆ ಈಗ್ಲೇ ಕರ್ಕಾಟಕ ತಿಂಗಳ ಮಳೆ ಬಂತು," ಎಂದು ಅಡಿಪಾಯಕ್ಕೆ ಹೇಳಿ, ನನ್ನ ಕಡೆ ತಿರುಗಿ, "ಏನ್ಲಾ, ಊರಿಗೆಲ್ಲ ಮನೆ ಕಟ್ಟಿ ಹೆಂಡ್ರನ್ನ ಹುಲ್ಲಡಿ ಕೂರ್ಸಿದೋನೆ, ನಿಂಗೂ ಒಂದು ಚೊಂಬು ಸುರೀಲಾ?" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನು ತಲೆ ತಗ್ಗಿಸಿ ಮರದ ದಿಮ್ಮಿಯಿಂದ ಮಣ್ಣು ಬಡಿಯುತ್ತಿದ್ದೆ. ಒದ್ದೆ ಮಣ್ಣು ದಿನಕ್ಕೆ ಬೆರಳು ಬೆರಳಷ್ಟು ಇಳಿಯುತ್ತಿತ್ತು. ಇಳಿದಷ್ಟು ಮತ್ತೆ ತುಂಬಿ ಮತ್ತೆ ಸುರಿದೆವು. ಹದಿನೈದನೇ ದಿನ ಇಳಿಯುವುದು ನಿಂತಿತು. ಒಂದು ವಾರ ಆರಲು ಬಿಟ್ಟೆ. ಆಮೇಲೆ ಗೋಡೆ.

ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ಬಾಗಿಲಿನ ಕಡೆಯ ಗೋಡೆಯಲ್ಲಿ ಇನ್ನೂ ನಾಲ್ಕು ವರಸೆ ಇಟ್ಟಿಗೆ ಬಾಕಿ. ಚೇಚಿ ಮೊದಲ ಬಸ್ಸಿಗೇ ಬಂದರು. ನಾನು ನಾಚಿಕೆ ಬಿಟ್ಟು ಕೇಳಿದೆ. "ಹೆಂಗೂ ಸಂಜೆಗೆ ಆಯ್ತದೆ. ಈಗ್ಲೇ ಬರ್ದು ಕೊಟ್ಟು ಹೋಗಿ ಚೇಚಿ, ಆಫೀಸಿಗೆ ತಡ ಆದಾತು."

"ಇಲ್ಲದ ಗೋಡೆ ನನ್ನ ಪೆನ್ನಿಗೆ ಕಾಣಾಕಿಲ್ಲ," ಅಂದರು. "ನೀನು ಕಟ್ಟು. ನಾನು ಇಲ್ಲೇ ಇರ್ತೀನಿ."

ಚೀಲವನ್ನು ಮಾವಿನ ಕೊಂಬೆಗೆ ನೇತುಹಾಕಿದರು. ಕೂಲಿಗೆ ಬರುತ್ತೇನೆ ಅಂದಿದ್ದ ಹುಡುಗರಿಬ್ಬರೂ ಅವತ್ತು ಬಂದಿರಲಿಲ್ಲ. ಚೇಚಿ ಸೆರಗು ಸುತ್ತಿ ತಲೆಗೆ ಸಿಂಬಿ ಮಾಡಿಕೊಂಡು ಇಟ್ಟಿಗೆ ಹೊರತೊಡಗಿದರು. ನಾನು ಬೇಡ ಅಂದೆ, ನನ್ನ ಹೆಂಡತಿ ಕೈ ಹಿಡಿದಳು. ಅವಳನ್ನೇ ನೆರಳಿಗೆ ಕಳಿಸಿದರು. ಮಧ್ಯಾಹ್ನ ಕಳೆದ ಮೇಲೆ ಹೊತ್ತು ಮೀರುತ್ತಿದೆ ಎಂದು ನಾನು ದಾರದ ತೂಗುಗುಂಡು ಬಿಡದೆಯೇ ಒಂದು ವರಸೆ ಇಟ್ಟೆ. ಅವರು ಇಟ್ಟಿಗೆ ಕೆಳಗಿಟ್ಟು ನಿಂತರು.

"ಗುಂಡು ಬಿಡು."

"ಹೊತ್ತಿಲ್ಲ ಚೇಚಿ."

"ಎತ್ತರ ಎಷ್ಟು ಅಂತ ಮಾತ್ರ ನಾನು ಬರೆಯೋದು. ನೆಟ್ಟಗಿದೆಯಾ ಅನ್ನೋದು ನಿನ್ನ ಮರ್ಯಾದೆ. ನಾಳೆ ಮಗು ಅದ್ರ ಕೆಳಗೆ ಮಲಗ್ತದೆ."

ಗುಂಡು ಬಿಟ್ಟೆ. ಗೋಡೆ ಅರ್ಧ ಬೆರಳು ಹೊರಕ್ಕೆ ವಾಲಿತ್ತು. ಆ ವರಸೆ ಕಿತ್ತು ಮತ್ತೆ ಇಟ್ಟೆ. ನಾಲ್ಕು ಗಂಟೆಗೆ ಲಿಂಟಲ್ ಮಟ್ಟ ಮುಟ್ಟಿತು. ಚೇಚಿ ಅಳೆದರು, ಮರಳಿನ ಗುಡ್ಡೆಯ ಮೇಲೆ ಕುಳಿತು ಬರೆದರು. ಅಕ್ಷರ ಸೊಟ್ಟಗಾಗಿತ್ತು. ಬೆರಳಿನ ತುದಿಗಳೆಲ್ಲ ತರಚಿದ್ದವು. ಮಾನಂದವಾಡಿಯ ಬಸ್ಸಿಗೆ ಓಡಿದರು. ವರ್ಷದ ಲೆಕ್ಕ ಮುಗಿಸಲು ಆಫೀಸಿನವರು ಅವತ್ತು ಕತ್ತಲಾಗುವವರೆಗೂ ಬಾಗಿಲು ತೆರೆದಿಟ್ಟಿದ್ದರಂತೆ. ಹಣ ಉಳಿಯಿತು.

ಮೇ ಕೊನೆಗೆ ಹೆಂಚು ಏರಿತು. ಮಳೆ ಹಿಡಿದ ಆರನೇ ದಿನ ನನ್ನ ಮಗಳು ಆ ಮನೆಯಲ್ಲಿ ಹುಟ್ಟಿದಳು. ಹೊರಗೆ ಹಳೇ ಮನೆ ಅದೇ ವಾರ ಕುಸಿದು ನೆಲಕ್ಕೆ ಮಲಗಿತು.

ಎರಡು ವರ್ಷದ ಮೇಲೆ ಚೇಚಿಗೆ ಪನಮರದ ಕಡೆಗೆ ವರ್ಗವಾಯಿತು. ಹೋಗುವ ಮುಂಚೆ ಊಟಕ್ಕೆ ಬಂದಿದ್ದರು. ಅಡುಗೆಮನೆಯ ಮೂಲೆಯಲ್ಲಿ ಕೂದಲಿನಂಥ ಒಂದು ಬಿರುಕು ಅವರ ಕಣ್ಣಿಗೆ ಬಿತ್ತು. "ಇದು ನನ್ನ ಅವಸರದ್ದಾ, ನಿನ್ನ ಕೈಯದ್ದಾ?" ಎಂದು ಕೇಳಿದರು. ನಾನು, "ನನ್ನ ಕೈಯದ್ದೇ," ಅಂದೆ. ಒಬ್ಬರ ಮುಂದೆ ನನ್ನ ಕೆಲಸದ ತಪ್ಪನ್ನು ನಾನು ಒಪ್ಪಿಕೊಂಡದ್ದು ಅದೇ ಮೊದಲು. ಅವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಆಮೇಲೆ ಅವರು ನಿವೃತ್ತಿಯಾಗಿ ತಮ್ಮ ಊರಿಗೆ ಹೋದರು. ನಾನು ಸರ್ಕಾರದ ಹಣದ ಮನೆಗಳನ್ನೇ ಹೆಚ್ಚಾಗಿ ಕಟ್ಟತೊಡಗಿದೆ. ಅವುಗಳಲ್ಲಿ ಕೂಲಿ ಕಡಿಮೆ, ಗಡಿಬಿಡಿ ಹೆಚ್ಚು. ಬೇರೆ ಮೇಸ್ತ್ರಿಗಳು ಒಪ್ಪುವುದಿಲ್ಲ. ಅಡಿಪಾಯಕ್ಕೆ ಕೊಡದಲ್ಲಿ ನೀರು ಕುಡಿಸುವುದು ಈಗ ನಮ್ಮ ಕಡೆ ಪದ್ಧತಿಯೇ ಆಗಿದೆ. ಹಿಂದಿನಿಂದಲೂ ಹೀಗೇ ಇತ್ತು ಎಂದು ಎಳೆಯರು ವಾದಿಸುತ್ತಾರೆ.

ಚೇಚಿ ತೀರಿಕೊಂಡ ಸುದ್ದಿ ತಂದದ್ದು ಈಗಿನ ಗ್ರಾಮಸೇವಕಿ. ಅದೂ ಮಾರ್ಚ್ ಕೊನೆ. ನಾನು ಊರಿನಾಚೆ, ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳ ಮನೆಯ ಗೋಡೆ ಮೇಲಿದ್ದೆ. ಲಿಂಟಲಿಗೆ ಎರಡು ದಿನದ ಕೆಲಸವಿತ್ತು, ಉಳಿದಿದ್ದದ್ದೂ ಎರಡೇ ದಿನ. ಹೆಂಡತಿ ಬುತ್ತಿ ಕಟ್ಟಿಕೊಂಡು ಅಲ್ಲಿಗೇ ಬಂದಳು. "ಸಂಜೆ ಬಸ್ಸು ಹತ್ತಿದ್ರೆ ಮಣ್ಣಿಗಿಡೋ ಹೊತ್ತಿಗೆ ಮುಟ್ಟಬಹುದು. ಹೋಗಿ ಬನ್ನಿ," ಅಂದಳು. ಕೆಳಗೆ ಆ ಹೆಣ್ಣುಮಗಳು ಇಟ್ಟಿಗೆ ಹಿಡಿದು ನಿಂತಿದ್ದಳು.

ನಾನು ಹೋಗಲಿಲ್ಲ. ಎರಡು ದಿನ ವರಸೆಗೊಂದು ಸಲ ಗುಂಡು ಬಿಟ್ಟು ಗೋಡೆ ಏರಿಸಿದೆ. ಲಿಂಟಲ್ ಮುಟ್ಟಿ, ಅಳತೆ ಬರೆದಾದ ಮೇಲೆ ಕೆಳಗಿಳಿದು, ಕೈ ತೊಳೆದುಕೊಂಡು, ಆಮೇಲೆ ಅತ್ತೆ.